ಹಸಿವಿನ ಕಾಲದ ಒಂದು ನಾಟಕ: ‘ನಬಾನ್ನ’

ಬರ, ನೆರೆ, ಸಾಂಕ್ರಾಮಿಕ ರೋಗಗಳು ಬಂದೆರಗಿದಾಗ ಕಲೆಯಿಂದೇನು ಪ್ರಯೋಜನ ಎಂಬ ಪ್ರಶ್ನೆ ಹಳೆಯದು. ಹಸಿದವನಿಗೆ ಬೇಕಾದುದು ಅನ್ನವೇ ಹೊರತು ನಾಟಕವಲ್ಲ ಎನ್ನುವವರ ಮಾತಿನಲ್ಲಿ ಸತ್ಯವಿದೆ. ಆದರೆ ಅದು ಪೂರ್ಣ ಸತ್ಯವಲ್ಲ ಎಂಬುದಕ್ಕೆ ಬಂಗಾಳಿ ರಂಗಭೂಮಿಯ ಒಂದು ಕೃತಿ ಸಾಕ್ಷಿಯಾಗಿದೆ. ಬಿಜನ್ ಭಟ್ಟಾಚಾರ್ಯರ ‘ನಬಾನ್ನ’ವನ್ನು ಕುರಿತು ನಾಲ್ಕು ಮಾತು ಹೇಳುವುದು ನಮ್ಮ ಉದ್ದೇಶ.

ನಬಾನ್ನ ಎಂದರೆ ನವ ಅನ್ನ, ಹೊಸ ಅಕ್ಕಿಯ ಹಬ್ಬ. ಕೊಡಗಿನ ಹುತ್ತರಿಯನ್ನೂ ಕರಾವಳಿಯ ಕದಿರು ಕಟ್ಟುವ ಹಬ್ಬವನ್ನೂ ಬಲ್ಲ ನಮ್ಮ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬರಗಾಲದ ನಾಟಕಕ್ಕೆ ಸುಗ್ಗಿಯ ಹೆಸರಿಟ್ಟುದರಲ್ಲಿಯೇ ನಾಟಕಕಾರರ ನಿಲುವು ತಿಳಿಯುತ್ತದೆ.

1943ರ ಬಂಗಾಳದ ಕ್ಷಾಮ ಬರಿಯ ದೈವಕೋಪವಾಗಿರಲಿಲ್ಲ. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಶತ್ರುವಿಗೆ ದಕ್ಕಬಾರದೆಂದು ಸರ್ಕಾರ ಕರಾವಳಿ ಜಿಲ್ಲೆಗಳ ದೋಣಿಗಳನ್ನು ಕಸಿದುಕೊಂಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಚಂಡಮಾರುತ ಮೇದಿನೀಪುರವನ್ನು ಹಾಳುಗೆಡವಿತು. ಯುದ್ಧದ ಖರ್ಚಿಗೆ ದಾಸ್ತಾನುಕೋರರ ದುರಾಸೆಯೂ ಸೇರಿ ಬೆಲೆಗಳು ಗಗನಕ್ಕೇರಿದವು. ಅಕ್ಕಿಯ ಅಭಾವಕ್ಕಿಂತ ಅದನ್ನು ಕೊಳ್ಳುವ ಶಕ್ತಿಯ ಅಭಾವದಿಂದ ಜನ ಸತ್ತರೆಂದು ಅಮರ್ತ್ಯ ಸೇನರು 1981ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಸತ್ತವರು ಸುಮಾರು 15 ಲಕ್ಷವೆಂದು 1945ರ ಸರ್ಕಾರಿ ಆಯೋಗ ಹೇಳಿತು. ಸೇನರ ಲೆಕ್ಕ 30 ಲಕ್ಷದ ಹತ್ತಿರಕ್ಕೆ ಬರುತ್ತದೆ. ಎರಡು ಲೆಕ್ಕಗಳ ನಡುವಿನ ವ್ಯತ್ಯಾಸವೇ ಹದಿನೈದು ಲಕ್ಷ ಜೀವ! ದಿನವೂ ಕಚೇರಿಯಲ್ಲಿ ತಖ್ತೆ ತುಂಬುವ ನಮ್ಮಂಥವರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಅಂಕಿಗೆ ಮುಖವಿಲ್ಲ. ಆ ಮುಖವನ್ನು ಕೊಡುವ ಕೆಲಸ ಕಲಾವಿದರ ಪಾಲಿಗೆ ಬಂತು.

ಅವರು ಹಿಂಜರಿಯಲಿಲ್ಲ. ಜೈನುಲ್ ಆಬೆದಿನ್ ಅಗ್ಗದ ಕಾಗದದ ಮೇಲೆ ಮಸಿಯಿಂದ ಬೀದಿಯ ಹೆಣಗಳನ್ನು ಚಿತ್ರಿಸಿದರು. ಚಿತ್ತಪ್ರಸಾದ್ ಮೇದಿನೀಪುರದಲ್ಲಿ ಕಂಡುದನ್ನು ಬರೆದು, ಚಿತ್ರಿಸಿ ಪುಸ್ತಕವಾಗಿ ತಂದರು. ಸರ್ಕಾರ ಅದರ ಪ್ರತಿಗಳನ್ನು ಹಿಡಿದು ಸುಡಿಸಿತು. 1943ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಭಾರತೀಯ ಜನನಾಟ್ಯ ಸಂಘ, ಅಂದರೆ ಇಪ್ಟಾ, ಹುಟ್ಟಿಕೊಂಡಿತು. ಅದರ ಬಂಗಾಳದ ತಂಡದವರು ಪರಪ್ರಾಂತಗಳಲ್ಲಿ ಹಾಡಿ ಕುಣಿದು ಕ್ಷಾಮನಿಧಿ ಕೂಡಿಸಿದರು. ಇಪ್ಟಾ ‘ನಬಾನ್ನ’ವನ್ನು 1944ರ ಅಕ್ಟೋಬರ್ 24ರಂದು ಕಲ್ಕತ್ತೆಯ ಶ್ರೀರಂಗಂ ರಂಗಮಂದಿರದಲ್ಲಿ ಮೊದಲ ಬಾರಿ ಆಡಿತು. ನಿರ್ದೇಶನ ಶಂಭು ಮಿತ್ರ ಮತ್ತು ಬಿಜನ್ ಭಟ್ಟಾಚಾರ್ಯರದು. ಆ ಕಾಲದ ವೃತ್ತಿರಂಗಭೂಮಿಯ ಆಡಂಬರದ ಪರದೆಗಳ ಬದಲು ಹಿನ್ನೆಲೆಗೆ ಗೋಣಿತಾಟನ್ನು ಇಳಿಬಿಟ್ಟರು. ಅಕ್ಕಿ ತುಂಬಬೇಕಾದ ಗೋಣಿಯೇ ಬರಗಾಲದ ಪರದೆಯಾದುದು ಎಷ್ಟು ಉಚಿತ!

ಕಥೆ ಸರಳವಾದುದು. ಅಮೀನ್‌ಪುರದ ಮುದಿ ರೈತ ಪ್ರಧಾನ್ ಸಮಾದ್ದಾರನೂ ಅವನ ಮನೆಯವರೂ ಎಲ್ಲವನ್ನೂ ಕಳೆದುಕೊಂಡು ಕಲ್ಕತ್ತೆಗೆ ಬಂದು ಭಿಕ್ಷುಕರಾಗುತ್ತಾರೆ. ಒಂದು ದೃಶ್ಯವನ್ನು ಮರೆಯುವಂತಿಲ್ಲ. ಒಳಗೆ ಶ್ರೀಮಂತರ ಮನೆಯ ಮದುವೆಯೂಟ. ಹೊರಗೆ ಎಂಜಲಿನ ತೊಟ್ಟಿಯ ಬಳಿ ಕುಂಜ ನಾಯಿಯೊಡನೆ ಸೆಣಸಿ ಕಚ್ಚಿಸಿಕೊಳ್ಳುತ್ತಾನೆ. ಹೆಂಡತಿ ರಾಧಿಕಾ ಗಾಯಕ್ಕೆ ಬಟ್ಟೆ ಕಟ್ಟುತ್ತಾಳೆ. ಇನ್ನೊಂದೆಡೆ ಪತ್ರಿಕೆಯ ಛಾಯಾಗ್ರಾಹಕರು ಈ ದಿಕ್ಕಿಲ್ಲದವರ ಚಿತ್ರ ತೆಗೆಯಲು ಬರುತ್ತಾರೆ. ಸಂಕಟವನ್ನು ನೋಟದ ವಸ್ತುವಾಗಿಸುವುದಕ್ಕೂ ಅದರಲ್ಲಿ ಪಾಲುಗೊಳ್ಳುವುದಕ್ಕೂ ಇರುವ ಅಂತರವನ್ನು ನಾಟಕ ಇಲ್ಲಿ ತೋರಿಸಿಕೊಡುತ್ತದೆ. ಹೊರಗೆ ಅಂಥವರನ್ನೇ ದಾಟಿಕೊಂಡು ಒಳಗೆ ಬಂದಿದ್ದ ಪ್ರೇಕ್ಷಕನಿಗೆ ತಾನು ಯಾವ ಕಡೆಯವನೆಂದು ಕೇಳಿಕೊಳ್ಳದೆ ಗತ್ಯಂತರವಿರಲಿಲ್ಲ.

ದೋಷಗಳಿಲ್ಲವೆಂದಲ್ಲ. ದೃಶ್ಯಗಳು ಹಾರದಲ್ಲಿ ಪೋಣಿಸಿದಂತೆ ಸಾಲಾಗಿ ಬರುತ್ತವೆ, ಒಂದರಿಂದ ಒಂದು ಬೆಳೆಯುವುದಿಲ್ಲ. ಕೊನೆಯ ಅಂಕದಲ್ಲಿ ಅಳಿದುಳಿದವರು ಊರಿಗೆ ಮರಳಿ, ಒಟ್ಟುಗೂಡಿ ದುಡಿದು, ಹೊಸ ಅಕ್ಕಿಯ ಹಬ್ಬ ಮಾಡುತ್ತಾರೆ. ಲಕ್ಷಾಂತರ ಜನ ಸತ್ತ ಮರುವರ್ಷವೇ ಈ ಸುಗ್ಗಿ ತುಸು ಸುಲಭವಾಯಿತೆಂದು ನಮಗೂ ಅನಿಸುತ್ತದೆ. ಆದರೂ ಅದು ಪೊಳ್ಳು ಸಮಾಧಾನವಲ್ಲ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳಿನ ಪದ್ಧತಿ ಇತ್ತಲ್ಲವೆ? ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಒಬ್ಬೊಬ್ಬನೇ ಎದುರಿಸಲಾರದ ಬರವನ್ನು ಕೂಡಿ ಎದುರಿಸಬಹುದೆಂಬ ಇಂಥದೇ ತಿಳಿವನ್ನು ಆ ರೈತರು ಬೆಲೆ ತೆತ್ತು ಪಡೆಯುತ್ತಾರೆ. ಅದೂ ಅಲ್ಲದೆ, ಹಬ್ಬದ ನಡುವೆಯೇ ಬುದ್ಧಿ ಕದಡಿದ ಪ್ರಧಾನ್ ಬಂದು ನಿಲ್ಲುತ್ತಾನೆ. ಕಳೆದುಕೊಂಡುದನ್ನು ನಾಟಕಕಾರರು ಮರೆಮಾಚಿಲ್ಲ.

ಆಪತ್ತಿನಲ್ಲಿ ಸಮಾಜವನ್ನು ಎತ್ತಿ ನಿಲ್ಲಿಸುವ ಕಲೆಗೆ ಎರಡು ಗುಣ ಇರಬೇಕೆಂದು ಇದರಿಂದ ನಮಗೆ ತೋರುತ್ತದೆ. ನೊಂದವರ ನೋವನ್ನು ಹೆಸರು ಹಿಡಿದು ಹೇಳಬೇಕು. ನೋಡುವವರನ್ನು ಆ ನೋವಿಗೆ ನಂಟರನ್ನಾಗಿ ಮಾಡಬೇಕು. ಹಣ ಕೂಡಿಸುವುದು ಆಮೇಲಿನ ಮಾತು. 1946ರಲ್ಲಿ ಕೆ.ಎ. ಅಬ್ಬಾಸರು ಈ ನಾಟಕವನ್ನೂ ಇತರ ಕೃತಿಗಳನ್ನೂ ಆಧರಿಸಿ ‘ಧರ್ತೀ ಕೆ ಲಾಲ್’ ಚಿತ್ರ ತೆಗೆದರು. ಬಂಗಾಳಿ ಅರಿಯದವರಿಗೂ ಹೀಗೆ ಆ ನಂಟು ತಲುಪಿತು.

ಈಗ ನಮ್ಮ ಸಂಘಗಳತ್ತ ನೋಡೋಣ. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2019ರಲ್ಲಿ ಉತ್ತರ ಕರ್ನಾಟಕ ನೆರೆಯಲ್ಲಿ ಮುಳುಗಿತು. ಇಂಥ ಸಂದರ್ಭಗಳಲ್ಲಿ ಹೊರನಾಡಿನ ಕನ್ನಡಿಗರು ಕೈಲಾದುದನ್ನು ಕೊಡುತ್ತಾರೆ, ಅದು ಮೆಚ್ಚತಕ್ಕುದೇ. ಆದರೆ ಸಹಾಯಾರ್ಥ ಪ್ರದರ್ಶನವೆಂದರೆ ಸಾಮಾನ್ಯವಾಗಿ ಏನು? ಒಂದು ನಗೆನಾಟಕ ಅಥವಾ ಚಿತ್ರಗೀತೆಗಳ ಸಂಜೆ. ಕೊನೆಗೆ ಚೆಕ್ಕಿನ ಹಸ್ತಾಂತರ. ನೆರೆಯ ಹೆಸರು ಆಮಂತ್ರಣ ಪತ್ರಿಕೆಯಲ್ಲಿರುತ್ತದೆ, ವೇದಿಕೆಯ ಮೇಲೆ ಇರುವುದಿಲ್ಲ. ನಗರದಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಊರಿನ ಕಷ್ಟ ದೂರದ ಸುದ್ದಿಯಾಗಿಯೇ ಉಳಿಯುತ್ತದೆ. ನಾಳೆ ಸಂಕಟ ನಮ್ಮ ಬಡಾವಣೆಗೇ ಬಂದರೆ ಒಬ್ಬರಿಗೊಬ್ಬರು ಆಗುವ ಅಭ್ಯಾಸ ಎಲ್ಲಿಂದ ಬರಬೇಕು?

ನಮ್ಮ ನಾಟಕ ತಂಡಗಳು ‘ನಬಾನ್ನ’ದ ಒಂದೆರಡು ದೃಶ್ಯಗಳನ್ನಾದರೂ ಕನ್ನಡದಲ್ಲಿ ಆಡಿ ನೋಡಲಿ. ಅದರ ಜೊತೆಗೆ, ನೆರೆಯಲ್ಲಿ ಮನೆ ಕಳೆದುಕೊಂಡವರ ಬಂಧುಗಳು ನಮ್ಮ ಸದಸ್ಯರಲ್ಲಿದ್ದರೆ, ಅವರು ಒಪ್ಪಿದಲ್ಲಿ, ಅದೇ ವೇದಿಕೆಯಲ್ಲಿ ಹತ್ತು ನಿಮಿಷ ಅವರ ಮಾತು ಕೇಳೋಣ. ಇದಕ್ಕೆ ಹೆಚ್ಚು ಖರ್ಚಿಲ್ಲ. ಪರದೆಗೆ ಗೋಣಿತಾಟು ಸಾಕು.