ನೋಡಿ ಕೊಡಿ

ಸೀರೆಗೆ ಫಾಲ್ಸ್ ಹಚ್ಚುವವರು, ಚಪ್ಪಲಿ ಹೊಲಿಯುವವರು, ಕೊಡೆ ರಿಪೇರಿಯವರು, ಚಾಕು ಕತ್ತರಿಗೆ ಸಾಣೆ ಹಿಡಿಯುವವರು, ಇವರನ್ನು ‘ಎಷ್ಟಾಯ್ತು?’ ಅಂತ ಕೇಳಿದರೆ ಎಷ್ಟೋ ಸಲ ಸಿಗುವ ಉತ್ತರ ಒಂದೇ: ‘ನೋಡಿ ಕೊಡಿ.’ ನಮ್ಮ ಬೀದಿಗಳ ಸಣ್ಣಪುಟ್ಟ ಕೆಲಸಗಳ ವ್ಯವಹಾರ ಬಹುಪಾಲು ಈ ಎರಡು ಮಾತಿನ ಮೇಲೇ ನಡೆದುಬಂದಿದೆ. ಅದರಲ್ಲಿ ದಾಕ್ಷಿಣ್ಯವಿದೆ, ನಂಬಿಕೆಯೂ ಇದೆ. ಆದರೆ ನೋಡುವ ಕೆಲಸವನ್ನು ನಾವು ಬಿಟ್ಟೇಬಿಟ್ಟಿದ್ದೇವೆ. ನೋಡದೆಯೇ ಒಂದು ಮೊತ್ತ ಗಟ್ಟಿಮಾಡಿಕೊಳ್ಳುತ್ತೇವೆ, ಅದರಲ್ಲೂ ಹತ್ತಿಪ್ಪತ್ತು ಹಿಡಿದುಕೊಳ್ಳುತ್ತೇವೆ. ಈ ರೂಢಿಯನ್ನು ಚೌಕಾಸಿಯ ಜಾಣತನವೆಂದು ಮೆಚ್ಚಿಕೊಳ್ಳುವುದು ತಪ್ಪು.

ಕಳೆದ ಶ್ರಾವಣದಲ್ಲಿ ಅಮ್ಮನ ರೇಷ್ಮೆ ರವಿಕೆಯೊಂದನ್ನು ನನ್ನ ಅಳತೆಗೆ ಬಿಡಿಸಿಕೊಳ್ಳಲು ನಮ್ಮ ಬೀದಿಯ ಟೈಲರ್ ಅಕ್ಕನ ಅಂಗಡಿಗೆ ಹೋಗಿದ್ದೆ. ‘ನೋಡಿ ಕೊಡಿ ಮೇಡಂ’ ಅಂದರು. ಎರಡು ಪಕ್ಕಕ್ಕೆ ಎರಡು ಹೊಲಿಗೆ, ನಲವತ್ತು ರೂಪಾಯಿ ಸಾಕು ಎಂದು ಮನಸ್ಸಿನಲ್ಲೇ ತೀರ್ಮಾನಿಸಿದೆ. ಅಷ್ಟರಲ್ಲಿ ಮಳೆ ಹಿಡಿಯಿತು. ಅಲ್ಲೇ ಸ್ಟೂಲಿನ ಮೇಲೆ ಕುಳಿತೆ.

ಅಕ್ಕ ಮೊದಲು ಕಂಕುಳಿನಿಂದ ಸೊಂಟದವರೆಗಿನ ಹಳೇ ಹೊಲಿಗೆಯನ್ನು ಬ್ಲೇಡಿನ ತುದಿಯಿಂದ ಒಂದೊಂದಾಗಿ ಬಿಚ್ಚಿದರು. ಹಳೇ ರೇಷ್ಮೆ, ಎಳೆದರೆ ಸೀಳಿಬಿಡುತ್ತದೆ. ಒಳಗಿನ ಲೈನಿಂಗ್ ಬೇರೆ, ಮೇಲಿನ ಬಟ್ಟೆ ಬೇರೆ ಬಿಡಿಸಿದರು. ಕಡಿದ ದಾರದ ಚೂರುಗಳನ್ನು ಆರಿಸಿ ತೆಗೆದರು. ಸೂಜಿ ತೂರಿದ್ದ ತೂತುಗಳು ಸಾಲಾಗಿ ಕಾಣುತ್ತಿದ್ದವು. ಬೆರಳನ್ನು ನೀರಿಗದ್ದಿ ಆ ಗೆರೆಯುದ್ದಕ್ಕೂ ಮೆಲ್ಲಗೆ ಉಜ್ಜಿದರು, ಎಳೆಗಳು ಕೂಡಿಕೊಳ್ಳಲಿ ಎಂದು. ಬಾಗಿಲ ಬೆಳಕಿಗೆ ಹೋಗಿ ಮೂರು ದಾರದುಂಡೆಗಳನ್ನು ಬಟ್ಟೆಯ ಮೇಲಿಟ್ಟು ನೋಡಿದರು. ಒಂದು ಹೊಂದಿತು. ಆಮೇಲೆ ಇಸ್ತ್ರಿ, ಸೀಮೆಸುಣ್ಣದ ಗುರುತು, ಟಾಕಾ. ಮುಕ್ಕಾಲು ಗಂಟೆಯಲ್ಲಿ ಮಿಷನ್ ಓಡಿದ್ದು ಮೂರೋ ನಾಲ್ಕೋ ನಿಮಿಷ. ನಾನು ನಲವತ್ತು ರೂಪಾಯಿ ಬೆಲೆ ಕಟ್ಟಿದ್ದು ಆ ನಾಲ್ಕು ನಿಮಿಷಕ್ಕೆ.

ನಮ್ಮ ಲೆಕ್ಕ ತಪ್ಪುವುದು ಇಲ್ಲೇ. ಹೊಸ ಬಟ್ಟೆ ಹೊಲಿಯುವವರು ತಮ್ಮ ಅಳತೆ, ತಮ್ಮ ಕತ್ತರಿಯಿಂದ ಶುರುಮಾಡುತ್ತಾರೆ. ಆಲ್ಟರೇಷನ್ ಮಾಡುವವರು ಇನ್ನೊಬ್ಬರ ಹೊಲಿಗೆಯನ್ನು ಓದಿ, ಬಿಚ್ಚಿ, ಕಂಡೂ ಕಾಣದ ಹಾಗೆ ಮತ್ತೆ ಕೂಡಿಸಬೇಕು. ಜೀನ್ಸ್ ಪ್ಯಾಂಟನ್ನು ಗಿಡ್ಡ ಮಾಡುವಾಗ ಪಕ್ಕದ ಹೊಲಿಗೆ ಕೂಡುವಲ್ಲಿ ಬಟ್ಟೆ ಹಲವು ಪದರವಾಗಿರುತ್ತದೆ. ಅಲ್ಲಿ 16ನೇ ನಂಬರಿನ ಸೂಜಿ ಹಾಕಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ ದಾಟಿಸಬೇಕು. ತಪ್ಪಿದರೆ ಮುರಿಯುವ ಸೂಜಿಯೂ ಅವರದೇ. ಕೆಲಸ ಚೆನ್ನಾದಷ್ಟೂ ಅದರ ಗುರುತು ಅಳಿಸಿಹೋಗುತ್ತದೆ. ಗುರುತು ಕಾಣದ್ದರಿಂದ ‘ಇಷ್ಟಕ್ಕೆ ಇಷ್ಟಾ?’ ಎಂಬ ಪ್ರಶ್ನೆ ಹುಟ್ಟುತ್ತದೆ.

ಸಂತೆಯಲ್ಲಿ ಸೊಪ್ಪಿಗೋ ಪಾತ್ರೆಗೋ ಚೌಕಾಸಿ ಮಾಡುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಸರಕಿನಲ್ಲಿ ಕೊಂಡ ಬೆಲೆ ಮಾರುವ ಬೆಲೆಗಳ ನಡುವೆ ಲಾಭವೆಂಬುದೊಂದು ಇರುತ್ತದೆ, ಎಳೆದಾಟ ಅದರ ಮೇಲೆ. ಇಲ್ಲಿ ಇರುವುದು ಒಬ್ಬರ ಹೊತ್ತು ಮಾತ್ರ. ಆ ಹೊತ್ತಿನಲ್ಲೇ ಅಂಗಡಿ ಬಾಡಿಗೆ, ಕರೆಂಟ್ ಬಿಲ್, ದಾರ, ಸೂಜಿ ಎಲ್ಲವೂ ಹುಟ್ಟಬೇಕು. ಮದುವೆಗಳಿಲ್ಲದ ಆಷಾಢದ ಖಾಲಿ ದಿನಗಳನ್ನು ಗೌರಿಹಬ್ಬದ ಮುಂಚಿನ ರಾತ್ರಿಗಳು ತುಂಬಿಕೊಡಬೇಕು.

ಕರ್ನಾಟಕದಲ್ಲಿ ಟೈಲರಿಂಗ್ ಉದ್ಯಮಕ್ಕೂ ಕನಿಷ್ಠ ವೇತನ ನಿಗದಿಯಾಗಿದೆ. ಆದರೆ ಒಂದೇ ಮಿಷನ್ ಇಟ್ಟುಕೊಂಡು ಕೂತವರಿಗೆ ಮಾಲೀಕರಿಲ್ಲ, ಹಾಗಾಗಿ ಆ ಆದೇಶ ಅವರನ್ನು ಮುಟ್ಟುವುದಿಲ್ಲ. 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ, ಚಮ್ಮಾರ, ಕ್ಷೌರಿಕ, ಅಗಸರ ಕಸುಬುಗಳೂ ಸೇರಿವೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವಿದೆ. ಸರ್ಕಾರ ಸಲಕರಣೆಗೆ ನೆರವಾಗಬಹುದು. ಆ ಸಲಕರಣೆ ಹಿಡಿದ ಕೈಯ ದಿನಗೂಲಿ ನಿರ್ಧಾರವಾಗುವುದು ಗಿರಾಕಿಗಳಾದ ನಮ್ಮಿಂದ.

12ನೇ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರರಿದ್ದರು. ಕಸುಬೇ ಅವರ ಹೆಸರಾಯಿತು. ಆಯ್ದಕ್ಕಿ ಲಕ್ಕಮ್ಮನ ಕಥೆಯಂತೂ ಎಲ್ಲರಿಗೂ ಗೊತ್ತು: ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಸುರಿದು ಬನ್ನಿ ಎಂದು ತಿರುಗಿ ಕಳಿಸಿದವಳು ಆಕೆ. ಈ ಕಥೆಯನ್ನು ನಾವು ದುಡಿಯುವವರು ಆಸೆಪಡಬಾರದು ಎನ್ನುವುದಕ್ಕೆ ಬಳಸುವುದೇ ಹೆಚ್ಚು. ಅದೇ ಅಳತೆಗೋಲು ದುಡಿಸಿಕೊಳ್ಳುವವರಿಗೂ ಸಲ್ಲಬೇಕು. ಇನ್ನೊಬ್ಬರ ಮುಕ್ಕಾಲು ಗಂಟೆಯಿಂದ ಹಿಡಿದುಕೊಂಡ ಇಪ್ಪತ್ತು ರೂಪಾಯಿಯೂ ನಮ್ಮ ಮನೆಗೆ ಬಂದ ಹೆಚ್ಚಿನ ಅಕ್ಕಿಯೇ.

ಗಿರಾಕಿಗಳ ದೂರಿನಲ್ಲೂ ಹುರುಳಿದೆ. ದರದ ಬೋರ್ಡ್ ಇರುವುದಿಲ್ಲ, ಮುಖ ನೋಡಿ ರೇಟು ಹೇಳುತ್ತಾರೆ, ‘ನಾಳೆ ಬನ್ನಿ’ ಅಂದದ್ದು ವಾರವಾಗುತ್ತದೆ. ಇವೆಲ್ಲ ಸರಿಯಾಗಬೇಕು. ಫಾಲ್ಸಿಗೆ ಇಷ್ಟು, ಪ್ಯಾಂಟ್ ಗಿಡ್ಡ ಮಾಡಲು ಇಷ್ಟು, ಲೈನಿಂಗ್ ಇದ್ದರೆ ಇಷ್ಟು ಎಂದು ಒಂದು ರಟ್ಟಿನ ಮೇಲೆ ಬರೆದು ತೂಗುಹಾಕಿದರೂ ಅರ್ಧ ಜಗಳ ಕಡಿಮೆಯಾದೀತು. ಚೌಕಾಸಿ ಹೋದರೆ ಬಡವರಿಗೆ ಕಷ್ಟ ಎನ್ನುವವರೂ ಇದ್ದಾರೆ. ಅಂದು ಮಳೆಯಲ್ಲೇ ಬಂದ ಹುಡುಗಿಯೊಬ್ಬಳ ಯೂನಿಫಾರಂ ಅಂಚನ್ನು ಅಕ್ಕ ಹತ್ತೇ ರೂಪಾಯಿಗೆ ಇಳಿಸಿಕೊಟ್ಟರು. ಅಂಥ ರಿಯಾಯಿತಿ ಅವರಾಗಿ ಕೊಡುವಂಥದ್ದು, ಕೈಲಾಗುವವರು ಕಿತ್ತುಕೊಳ್ಳುವಂಥದ್ದಲ್ಲ. ಹಾಗೆಯೇ, ಮೊದಲು ಚೌಕಾಸಿ ಮಾಡಿ ಹಬ್ಬದ ದಿನ ಭಕ್ಷೀಸು ಕೊಡುವುದೂ ಪರಿಹಾರವಲ್ಲ. ಭಕ್ಷೀಸು ನಮ್ಮ ಇಷ್ಟ, ಕೂಲಿ ಅವರ ಹಕ್ಕು.

ಮಳೆ ನಿಂತ ಮೇಲೆ ನಾನು ಮತ್ತೆ ಕೇಳಿದೆ, ‘ಅಕ್ಕಾ, ನಿಜವಾಗಿ ಎಷ್ಟಾಗತ್ತೆ ಹೇಳಿ.’ ಅವರು ಕ್ಷಣವೂ ಯೋಚಿಸಲಿಲ್ಲ. ‘ಲೈನಿಂಗ್ ಇತ್ತಲ್ಲ ಮೇಡಂ, ನೂರಿಪ್ಪತ್ತು.’ ಬೆಲೆ ಅವರಿಗೆ ಮೊದಲೇ ಗೊತ್ತಿತ್ತು. ಹೇಳಿದರೆ ಎಳೆದಾಡುತ್ತಾರೆಂದು ನುಂಗಿಕೊಂಡಿದ್ದರು, ಅಷ್ಟೆ. ಈಗ ಬಟ್ಟೆ ಕೊಡುವ ಮೊದಲೇ ರೇಟು ಕೇಳುತ್ತೇನೆ, ಹೇಳಿದಷ್ಟನ್ನು ಬಟ್ಟೆ ತರುವ ದಿನವೇ ಕೊಡುತ್ತೇನೆ. ಅಕ್ಕ ಈಗ ‘ನೋಡಿ ಕೊಡಿ’ ಅನ್ನುವುದಿಲ್ಲ.