ಓತಿ ಹಾರಿಹೋದ ಮೇಲೆ

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯನ್ನು ವೈಜ್ಞಾನಿಕ ಮನೋಭಾವದ ಪಾಠವೆಂದು ಓದಿಸುವುದು ನಮ್ಮಲ್ಲಿ ರೂಢಿ. ನನಗೆ ಈ ಮಾತಿನಲ್ಲಿ ಅರ್ಧ ಮಾತ್ರ ಒಪ್ಪಿಗೆ. ಅಲ್ಲಿ ವೀಕ್ಷಣೆಯಿದೆ, ಕುತೂಹಲವಿದೆ, ಊಹೆಯಿದೆ. ಪ್ರಯೋಗವಿಲ್ಲ.

ಪ್ರಯೋಗವೆಂದರೇನು? ಮೂಡಿಗೆರೆಯ ಕಾಡು ಬಿಟ್ಟು ಅದೇ ಜಿಲ್ಲೆಯ ಇನ್ನೊಂದು ಮಗ್ಗುಲಿಗೆ, ಕೆಮ್ಮಣ್ಣುಗುಂಡಿಗೆ ಬನ್ನಿ. ಭದ್ರಾವತಿಯ ಕಾರ್ಖಾನೆಗೆ ಕಬ್ಬಿಣದ ಅದಿರು ಕೊಟ್ಟ ಬೆಟ್ಟ ಇದು. ಮಣ್ಣಿನ ಬಣ್ಣವೇ ಊರಿನ ಹೆಸರು. ತೋಟಗಾರಿಕೆ ಇಲಾಖೆಯ ಗುಲಾಬಿಗಳನ್ನು ನೋಡಿ ಯಾರೋ ಒಬ್ಬರು, ‘ಎಲ್ಲ ಈ ಕೆಮ್ಮಣ್ಣಿನ ಮಹಿಮೆ’ ಎನ್ನುತ್ತಾರೆ ಎಂದುಕೊಳ್ಳಿ. ಇರಬಹುದು. ಆದರೆ ಅಲ್ಲಿ ಮಂಜಿದೆ, ಚಳಿಯಿದೆ, ಗೊಬ್ಬರವಿದೆ, ಮಾಲಿಯ ಕೈಯಿದೆ. ಮಣ್ಣೊಂದನ್ನೇ ಬೇರ್ಪಡಿಸಿ ನೋಡಬೇಕಾದರೆ ಒಂದೇ ತಳಿಯ ಇಪ್ಪತ್ತು ಗಿಡ ತಂದು, ಯಾವುದಕ್ಕೆ ಯಾವ ಮಣ್ಣೆಂದು ಚೀಟಿ ಎತ್ತಿ, ಹತ್ತಕ್ಕೆ ಕೆಮ್ಮಣ್ಣು, ಹತ್ತಕ್ಕೆ ಬೇರೆ ಮಣ್ಣು ಹಾಕಬೇಕು. ನೀರು, ಬಿಸಿಲು, ಗೊಬ್ಬರ ಎಲ್ಲಕ್ಕೂ ಒಂದೇ. ಹೂವೆಣಿಸುವವರಿಗೆ ಮಣ್ಣು ಕಾಣದಂತೆ ಕುಂಡದ ಬಾಯಿಗೆ ತರಗೆಲೆ ಮುಚ್ಚಬೇಕು. ಯಾವ ಫಲಿತಾಂಶ ಬಂದರೆ ನನ್ನ ನಂಬಿಕೆ ಬಿಡುತ್ತೇನೆ ಎಂಬುದನ್ನು ಮೊದಲೇ ಬರೆದಿಡಬೇಕು. ಇದೇ ಎಲ್ಲಕ್ಕಿಂತ ಕಷ್ಟ.

ಈ ಅಳತೆಗೋಲನ್ನು ಹಾಗೇ ತಂದು ‘ಕರ್ವಾಲೊ’ ಮೇಲೆ ಇಟ್ಟರೆ ಅನ್ಯಾಯವಾದೀತು. ಒಂದು ಜೀವಿ ಇದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಹತ್ತು ಕುಂಡ ಬೇಡ, ಒಂದು ಓತಿ ಸಾಕು. ಅಲ್ಲಿ ಬೇಕಾದ್ದು ಬೇರೆ ಎಚ್ಚರ: ನೋಡಿದವನ ಕಣ್ಣು ನಂಬಬಹುದೆ? ನೋಡಿದ್ದು ಇನ್ನೇನಾದರೂ ಆಗಿರಬಹುದೆ? ಪಶ್ಚಿಮಘಟ್ಟದ ಅಡಿಕೆ ತೋಟಗಳಲ್ಲಿ ತೇಲುವ ಹಾರುವ ಓತಿಗೆ 1837ರಲ್ಲೇ ‘ಡ್ರಾಕೊ ಡುಸ್ಸುಮಿಯೇರಿ’ ಎಂಬ ಹೆಸರು ಬಿದ್ದಿದೆ. ಮಂದಣ್ಣ ಕಂಡದ್ದು ಅದೇ ಆಗಿರಬಾರದೇಕೆ? ವಿದ್ಯಾರ್ಥಿಗಳು ಈ ಅನುಮಾನ ಜೇಬಿನಲ್ಲಿಟ್ಟುಕೊಂಡೇ ಕಾದಂಬರಿ ಓದಬೇಕು. ನಾವು ಮಂದಣ್ಣನನ್ನು ನಂಬುವುದು ಪರೀಕ್ಷಿಸಿ ಅಲ್ಲ, ಅವನ ಮೇಲಿನ ಅಕ್ಕರೆಯಿಂದ. ಅದು ತೇಜಸ್ವಿಯವರ ಕಥನದ ಗೆಲುವು; ಪುರಾವೆಯಲ್ಲ. ಹಾಗೆಂದು ಪದವಿಯಿಲ್ಲದ ಹಳ್ಳಿಯವನ ಕಣ್ಣಿಗೆ ಬೆಲೆ ಕೊಡುವ ಕರ್ವಾಲೊ ತಪ್ಪಲ್ಲ. ವಿಜ್ಞಾನದ ಎಷ್ಟೋ ಮೊದಲ ಸುಳಿವುಗಳು ಅಂಥವರಿಂದಲೇ ಬಂದಿವೆ.

ಕೊನೆಗೆ ಓತಿ ಕೈಗೆ ಸಿಗದೆ ಕಣಿವೆಗೆ ತೇಲಿಹೋಗುತ್ತದೆ. ತರಗತಿಯಲ್ಲಿ ಅದನ್ನು ಅನಂತದ ಸಂಕೇತ ಎಂದು ಬರೆಸುತ್ತೇವೆ, ಅಂಕವೂ ಕೊಡುತ್ತೇವೆ. ಮಾದರಿಯಿಲ್ಲದೆ ಬರಿಗೈಯಲ್ಲಿ ಮರಳಿದ ಕರ್ವಾಲೊ ತಮ್ಮ ವರದಿಯಲ್ಲಿ ಏನು ಬರೆಯಬಹುದಿತ್ತು ಎಂದು ಮಾತ್ರ ಯಾರೂ ಕೇಳುವುದಿಲ್ಲ.