ಅಲಗಿನ ಅಗಲ, ಹಕ್ಕಿಯ ಅಳತೆ

ಏಪ್ರಿಲ್ ಬಂತೆಂದರೆ ಅಮೆರಿಕದ ಬಿಲ್ಲಂಗಡಿಗಳಲ್ಲಿ ಒಂದು ಗೋಡೆ ಟರ್ಕಿ ಕೋಳಿಗೆ ಮೀಸಲು. ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ಮೂರು ಮೂರರಂತೆ ಬಾಣದ ಮೊನೆಗಳು ತೂಗುತ್ತಿರುತ್ತವೆ. ಕೆಲವು ಹೆಬ್ಬೆರಳಿನುದ್ದದ ಗಟ್ಟಿ ಅಲಗುಗಳು. ಕೆಲವು ಮಡಚಿದ ಛತ್ರಿಯಂತೆ ಏನೂ ಅರಿಯದ ಹಾಗೆ ಕೂತಿರುತ್ತವೆ. ಇನ್ನೊಂದು ಅಂಗೈಯಗಲಕ್ಕೆ ಕೈಚಾಚಿಕೊಂಡು ಪೊಟ್ಟಣದಲ್ಲಿ ಹಿಡಿಸದಂತಿರುತ್ತದೆ. ಬೇಟೆಯಾಡದ ನನಗೆ ಅದನ್ನು ಕಂಡೊಡನೆ ನೆನಪಾದದ್ದು ಕರ್ಣಾರ್ಜುನ ಕಾಳಗ. ಮಹಾಭಾರತದಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ಮೊನೆ: ಕವಚ ತೂರಲು ನಾರಾಚ, ಕತ್ತರಿಸಲು ಅರ್ಧಚಂದ್ರ, ಕ್ಷುರಪ್ರ. ವ್ಯಾಸಭಾರತದಲ್ಲಿ ಕರ್ಣನ ತಲೆ ಕತ್ತರಿಸಿದ್ದು ಅಂಜಲಿಕ. ಅಂಗಡಿಯವನಿಗೆ ಇದನ್ನು ಹೇಳಲು ಹೋಗಲಿಲ್ಲ. ಅವನೂ ಅದೇ ಮಾತನ್ನು ಇಂಚು, ಗ್ರೇನ್‌ಗಳಲ್ಲಿ ಹೇಳುತ್ತಿದ್ದ.

1972ರ ವನ್ಯಜೀವಿ ಕಾಯಿದೆಯ ನಂತರ ಬೇಟೆ ನಮ್ಮಲ್ಲಿ ಅಪರಾಧ. ಹಾಗಾಗಿ ಬೇಟೆಯ ಬಗ್ಗೆ ಬಯ್ಯಲು ನಮಗೆ ಮಾತುಗಳಿವೆ, ಅದರ ಸಲಕರಣೆಯನ್ನು ಒರೆಗೆ ಹಚ್ಚಲು ಇಲ್ಲ. ಅಮೆರಿಕದಲ್ಲಿ ಕತೆ ಬೇರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾಡು ಟರ್ಕಿ ಹೆಚ್ಚಿನ ರಾಜ್ಯಗಳಲ್ಲಿ ಕಾಣೆಯಾಗುತ್ತಾ ಬಂದಿತ್ತು. 1950ರ ದಶಕದಿಂದ ಫಿರಂಗಿಯಂತೆ ಬಲೆ ಹಾರಿಸಿ ಹಿಡಿದ ಹಕ್ಕಿಗಳನ್ನು ಬರಿದಾದ ಕಾಡುಗಳಿಗೆ ಒಯ್ದು ಬಿಟ್ಟರು. ಈಗ ಅರವತ್ತು ಲಕ್ಷದ ಆಸುಪಾಸಿನಲ್ಲಿವೆ. ಈ ಕೆಲಸಕ್ಕೆ ಹಣ ಬಂದದ್ದು ಬಹುಪಾಲು ಬೇಟೆಗಾರರ ಜೇಬಿನಿಂದ. ಗೋಡೆಗೆ ತೂಗಿಬಿದ್ದ ಮೊನೆಯ ಮೇಲೂ ತಯಾರಕರು ಶೇಕಡ 11ರ ತೆರಿಗೆ ಕಟ್ಟಿರುತ್ತಾರೆ. ಆದ್ದರಿಂದ ಕೊಲ್ಲಬೇಕೆ ಎನ್ನುವ ಪ್ರಶ್ನೆಯನ್ನು ಇಲ್ಲಿ ಬದಿಗಿಟ್ಟು, ಹೇಗೆ ಎನ್ನುವುದನ್ನಷ್ಟೇ ನೋಡುತ್ತೇನೆ. ಪೊಟ್ಟಣದ ಮೇಲಿನ ಬರಹ ತಪ್ಪುದಾರಿಗೆ ಎಳೆಯುವುದು ಅಲ್ಲಿಯೇ.

ಮೊದಲು ಹಕ್ಕಿಯನ್ನು ನೋಡಬೇಕು. ಗರಿ ಕೆದರಿ, ಬಾಲವನ್ನು ಬೀಸಣಿಗೆಯಾಗಿ ಅರಳಿಸಿ ಬರುವ ಹುಂಜ ಡೋಲಿನಷ್ಟು ದಪ್ಪ ಕಾಣುತ್ತದೆ. ಆ ಡೋಲಿನ ಬಹುಭಾಗ ಬರೀ ಗರಿ ಮತ್ತು ಗಾಳಿ. ಎಂಟು-ಹತ್ತು ಕಿಲೋ ತೂಗುವ ಈ ಹಕ್ಕಿಯ ಹೃದಯ, ಶ್ವಾಸಕೋಶಗಳಿರುವ ಜಾಗ ಒಂದು ದೊಡ್ಡ ಕಿತ್ತಳೆಯಷ್ಟು. ಅದೂ ಜಿಂಕೆಯಲ್ಲಿ ಇರುವಂತೆ ಎದೆಯ ತಗ್ಗಿನಲ್ಲಿಲ್ಲ. ಮೇಲಕ್ಕೆ, ಬೆನ್ನಿಗೆ ಅಂಟಿಕೊಂಡು, ರೆಕ್ಕೆಯ ಬುಡದ ಹಿಂದೆ ಇದೆ. ಕಣ್ಣು ಹೋಗುವುದು ಹೊಳೆಯುವ ಎದೆಯ ಕಡೆಗೆ. ಅಲ್ಲಿ ಇರುವುದು ಮಾಂಸ, ಪ್ರಾಣವಲ್ಲ. ಜಿಂಕೆಗೆ ಗುರಿಯಿಟ್ಟು ಪಳಗಿದ ಕೈ ಟರ್ಕಿಯ ಮುಂದೆ ಸೋಲುವುದು ಇದರಿಂದಲೇ. ಸಾಲದ್ದಕ್ಕೆ, ಗಾಯವಾದರೂ ರಕ್ತವನ್ನು ಗರಿಗಳೇ ಹೀರಿಬಿಡುತ್ತವೆ. ನೆಲದ ಮೇಲೆ ಜಾಡು ಬೀಳುವುದು ಅಪರೂಪ. ಓಡಿದರೆ ಗಂಟೆಗೆ ನಲವತ್ತು ಕಿಲೋಮೀಟರ್. ಹಾರಿತೋ, ಮುಗಿಯಿತು.

ಬಾಣದ ಬಲದ ಬಗ್ಗೆಯೂ ನಮಗೊಂದು ಭ್ರಮೆಯಿದೆ. ಈಗಿನ ಕಾಂಪೌಂಡ್ ಬಿಲ್ಲಿನಿಂದ 26 ಗ್ರಾಂ ತೂಕದ ಬಾಣ ಸೆಕೆಂಡಿಗೆ 85 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಸುಮಾರು 94 ಜೂಲ್. ಜಾವಗಲ್ ಶ್ರೀನಾಥ್ ಎಸೆದ ಚೆಂಡಿಗೆ ಇದಕ್ಕಿಂತ ಹೆಚ್ಚಿರುತ್ತಿತ್ತು. ಬಾಣ ಗುದ್ದಿ ಕೊಲ್ಲುವುದಿಲ್ಲ, ಕೊಯ್ದು ಕೊಲ್ಲುತ್ತದೆ. ಹಾಗಾಗಿ ಮೊನೆಯ ಬಗ್ಗೆ ಇಷ್ಟೊಂದು ಚರ್ಚೆ ನಡೆಯುವುದು ಸರಿಯೇ. ಚರ್ಚೆಯೆಲ್ಲ ಅಗಲದ ಸುತ್ತಲೇ ತಿರುಗುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಅಗಲದ ಆಸೆಗೆ ಹುಟ್ಟಿದ್ದು ಬಿಚ್ಚುವ ಅಲಗು. ಹಾರುವಾಗ ಮಡಚಿಕೊಂಡಿದ್ದು, ತಾಗಿದಾಗ ತೆರೆದುಕೊಳ್ಳುತ್ತದೆ. ಎರಡು ಇಂಚಿನಗಲ ಕೊಯ್ಯುತ್ತದೆ. ಅಭ್ಯಾಸದ ಮೊನೆಯಷ್ಟೇ ನೇರವಾಗಿ ಹಾರುತ್ತದೆ ಎನ್ನುವುದು ನಿಜವಾದ ಗುಣ, ಅದನ್ನು ಅಲ್ಲಗಳೆಯಲಾರೆ. ಆದರೆ ಲೆಕ್ಕ ಹಾಕಿ. ಒಂದೂಕಾಲು ಇಂಚಿನ ಸ್ಥಿರ ಅಲಗಿಗೆ ಹೋಲಿಸಿದರೆ ಸಿಗುವ ಲಾಭ ಒಂದೊಂದು ಬದಿಗೆ ಅರ್ಧ ಇಂಚಿಗೂ ಕಡಿಮೆ. ಎದೆಯ ಹೊಳಪಿಗೆ ಮರುಳಾಗಿ ನಾಲ್ಕು ಇಂಚು ತಗ್ಗಿಗೆ ಬಿಟ್ಟ ಬಾಣವನ್ನು ಈ ಅರ್ಧ ಇಂಚು ಕಾಪಾಡುವುದಿಲ್ಲ. ಜಿಂಕೆಯಲ್ಲಾದರೆ ಅಗಲ ಗಾಯದಿಂದ ರಕ್ತದ ಜಾಡಾದರೂ ಸಿಗುತ್ತದೆ; ಇಲ್ಲಿ ಆ ಲಾಭವನ್ನು ಗರಿ ಕುಡಿದುಬಿಡುತ್ತದೆ. ಮೇಲಾಗಿ ಅಲಗು ಬಿಚ್ಚಿಕೊಳ್ಳುವುದಕ್ಕೂ ಶಕ್ತಿ ಬೇಕು, ಆ ಶಕ್ತಿ ಬರುವುದು ಬಾಣದಿಂದಲೇ. ಮರೆಯಲ್ಲಿ ಕೂತು ಬಹಳ ಹೊತ್ತು ಹೆದೆ ಎಳೆದು ಹಿಡಿಯಬೇಕಾಗುತ್ತದೆಂದು ಟರ್ಕಿ ಬೇಟೆಗೆ ಬಿಲ್ಲಿನ ಬಿಗಿಯನ್ನು ಸಡಿಲಿಸುವವರಿದ್ದಾರೆ. ಬಿಲ್ಲನ್ನು ಮೆತ್ತಗೆ ಮಾಡಿ ಹಸಿದ ಮೊನೆಯನ್ನು ಸಿಕ್ಕಿಸಿದರೆ ಹೇಗೆ?

ಒಮ್ಮೆ ಇದನ್ನು ಕಣ್ಣಾರೆ ಕಂಡೆ. ಮಿಸ್ಸೋರಿಯ ಓಕ್ ಕಾಡಿನಂಚಿನಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಬಟ್ಟೆಯ ಮರೆಯೊಳಗೆ ಕೂತಿದ್ದೆ. ಹೊರಗೆ ರಬ್ಬರಿನ ಹೇಂಟೆಗೊಂಬೆ. ಹುಂಜ ಬಂತು, ಗೊಂಬೆಯ ಮುಂದೆ ಮೆರೆಯಿತು. ಬಾಣ ತಾಗಿದ ಸದ್ದೂ ಕೇಳಿಸಿತು, ಅಲಗೂ ಸರಿಯಾಗಿಯೇ ಬಿಚ್ಚಿಕೊಂಡಿತ್ತು. ಹಕ್ಕಿ ಓಡಿ ಇಳಿಜಾರಿನಿಂದ ಹಾರಿತು. ಮಧ್ಯಾಹ್ನದವರೆಗೆ ಹುಡುಕಿದೆವು, ಸಿಕ್ಕಿದ್ದು ಒಂದು ಹಿಡಿ ಎದೆಗರಿ. ಮೊನೆ ತನ್ನ ಕೆಲಸ ಮಾಡಿತ್ತು ಎಂದು ಅವರು ಎರಡು ಸಲ ಹೇಳಿದರು. ಗುರಿ ಸರಿಯಿದ್ದರೆ ಯಾವ ಮೊನೆಯೂ ಸಾಕು. ತಪ್ಪಿದಾಗ ಅದು ಹಕ್ಕಿಗೆ ಏನು ಮಾಡುತ್ತದೆ ಎಂದು ಕೇಳುವ ಅಭ್ಯಾಸ ನನಗೆ ಆವತ್ತಿನಿಂದ ಬಂತು.

ಆ ಪ್ರಶ್ನೆಗೆ ನೇರ ಉತ್ತರ ಕೊಡುವುದು ಅಂಗೈಯಗಲದ ಆ ಮೊನೆಯೇ. ಮ್ಯಾಗ್ನಸ್ ಕಂಪನಿಯ ಬುಲ್‌ಹೆಡ್ ಇದಕ್ಕೆ ಹೆಸರುವಾಸಿ. 125 ಗ್ರೇನ್, ಅಂದರೆ ಎಂಟು ಗ್ರಾಂ ತೂಕದ ಮೊನೆ ಮೂರೂ ಮುಕ್ಕಾಲು ಇಂಚಿನಗಲ ಕೊಯ್ಯುತ್ತದೆ. ಗುರಿ ಮೈಯಲ್ಲ, ಕತ್ತು. ತಾಗಿದರೆ ತಲೆ ನೆಲಕ್ಕೆ. ತಪ್ಪಿದರೆ ಹಕ್ಕಿ ಹೆಚ್ಚಾಗಿ ಗಾಯವಿಲ್ಲದೆ ಹೋಗುತ್ತದೆ. ನೋಡಲು ಕ್ರೂರ, ನಡತೆಯಲ್ಲಿ ಈ ಗೋಡೆಯ ಮೇಲೆ ಇದರಷ್ಟು ಪ್ರಾಮಾಣಿಕ ಇನ್ನೊಂದಿಲ್ಲ. ಹಾಗೆಂದು ಇದು ಎಲ್ಲರ ಕೈಗೆ ಕೊಡುವಂಥದ್ದಲ್ಲ. ಇಷ್ಟು ದೊಡ್ಡ ಅಲಗು ಗಾಳಿಯಲ್ಲಿ ಬಾಣವನ್ನೇ ತಿರುಗಿಸುತ್ತದೆ. ಹಿಂದೆ ದೊಡ್ಡ ಗರಿ ಕಟ್ಟಬೇಕು. ಹೆದೆ ಎಳೆದಾಗ ಅಲಗು ಬಿಲ್ಲಿಗೂ ಹಿಡಿದ ಕೈಗೂ ಮುಂದೆಯೇ ಉಳಿಯುವಂತೆ ಉದ್ದ ಬಾಣ ಬೇಕು. ಇದನ್ನು ಮರೆತರೆ ಕೊಯ್ಯುವುದು ಬಿಲ್ಲುಗಾರನ ಬೆರಳನ್ನು. ಟರ್ಕಿಯ ತಲೆಯಂತೂ ಒಂದು ಗಳಿಗೆ ಸುಮ್ಮನಿರುವುದಿಲ್ಲ. ಮೆರೆಯುವಾಗ ಕತ್ತನ್ನು ಮೈಯೊಳಗೆ ಎಳೆದುಕೊಂಡಿರುತ್ತದೆ. ಹೇಂಟೆಯ ದನಿ ಮಾಡಿ ಅದು ಕತ್ತು ಉದ್ದ ಮಾಡುವ ಕ್ಷಣಕ್ಕೆ ಕಾಯಬೇಕು. ಹದಿನೈದು ಗಜ ದಾಟಿದರೆ ಇದನ್ನು ಬಿಡುವುದು ಜೂಜು.

ಉಳಿದವುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹುಲ್ಲಿಗೆ ಸಿಕ್ಕಿಕೊಂಡು ಬಾಣ ಕಳೆಯದಂತೆ ತಂತಿಯ ಕೈಗಳಿರುವ ಜೂಡೋ ಮೊನೆ ಮೊಲಕ್ಕೆ ಸರಿ, ಟರ್ಕಿಗೆ ಅಲ್ಲ. ಬಾಣ ಹಕ್ಕಿಯೊಳಗೇ ನಿಂತು ಹಾರದಂತೆ ಮಾಡಲು ಅಲಗಿನ ಹಿಂದೆ ಸಿಕ್ಕಿಸುವ ತಡೆ ಒಂದು ಕಾಲದ ಜಾಣತನ. ಶಕ್ತಿಯೇ ಕಡಿಮೆಯಿರುವ ಬಾಣಕ್ಕೆ ಇನ್ನೊಂದು ಲಗಾಮು. ಫ್ರೆಡ್ ಬೇರ್ 1956ರಲ್ಲಿ ಮಾರುಕಟ್ಟೆಗೆ ತಂದ ರೇಜರ್‌ಹೆಡ್‌ನ ವಂಶದ ಸ್ಥಿರ ಅಲಗುಗಳಿಗೆ ಜಾಹೀರಾತಿನ ಅಬ್ಬರವಿಲ್ಲ. ಅವುಗಳಲ್ಲಿ ಬಿಚ್ಚಿಕೊಳ್ಳಲು ಏನೂ ಇಲ್ಲ, ಕೈಕೊಡಲೂ ಇಲ್ಲ. ಓರೆಯಾಗಿ ರೆಕ್ಕೆಯ ಗಟ್ಟಿ ಕಡ್ಡಿಗಳಿಗೆ ತಾಗಿದರೂ ಒಳಗೆ ನುಗ್ಗುತ್ತವೆ. ತೊಡೆಯ ಮೇಲ್ಭಾಗಕ್ಕೆ ಬಿದ್ದರೆ ಕಾಲು ಮುರಿಯುತ್ತದೆ, ಕಾಲಿಲ್ಲದ ಟರ್ಕಿ ನೆಲದಿಂದ ಚಿಮ್ಮಿ ಏಳಲಾರದು.

ನನ್ನನ್ನು ಯಾರೂ ಕೇಳುವುದಿಲ್ಲ, ಕೇಳಿದರೆ ಹೇಳುವುದಿಷ್ಟು. ಹತ್ತು-ಹನ್ನೆರಡು ಗಜದೊಳಗೆ ಹಕ್ಕಿಯನ್ನು ಕರೆಸಿಕೊಳ್ಳುವ ತಾಳ್ಮೆಯಿದ್ದವರು ಬುಲ್‌ಹೆಡ್ ಕೊಳ್ಳಲಿ. ಇಪ್ಪತ್ತು ಗಜದವರೆಗೆ ಕ್ಷೌರದ ಕತ್ತಿಯಷ್ಟು ಹರಿತ ಮಾಡಿದ, 100 ಗ್ರೇನ್‌ನ ಮೂರಲಗಿನ ಸ್ಥಿರ ಮೊನೆ. ಬಿಚ್ಚುವ ಅಲಗು ಬಿಗಿಯಾದ ಬಿಲ್ಲಿರುವವರಿಗೆ, ಹಕ್ಕಿಯ ಒಡಲನ್ನು ಚೆನ್ನಾಗಿ ಓದಿಕೊಂಡವರಿಗೆ ಮಾತ್ರ. ಮೂವತ್ತು ಗಜದಲ್ಲಿ ನಿಂತ ಹುಂಜಕ್ಕೆ ಆ ಗೋಡೆಯ ಮೇಲೆ ನನಗೆ ಯಾವ ಮೊನೆಯೂ ಕಾಣಲಿಲ್ಲ.